ಸಕ್ಕರೆ ಕಾಯಿಲೆಯವರ ಅಂಗಾಲುರಿ ತಾನಾಗಿ ನಿಂತರೆ ನರದ ತೊಂದರೆ ವಾಸಿಯಾಯಿತೆಂದು ತಿಳಿಯಬಹುದೇ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ ನಿಮ್ಮ ತಂದೆಯವರಿಗೆ ರಾತ್ರಿಯೆಲ್ಲ ಕಾಡುತ್ತಿದ್ದ ಅಂಗಾಲುರಿ ಈಗ ಇಲ್ಲವೆಂದೂ, ಅದಕ್ಕಾಗಿಯೇ ಅವರು ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲವೆಂದೂ ಬರೆದಿದ್ದೀರಿ. ಚಿಕ್ಕಬಳ್ಳಾಪುರದಲ್ಲಿ ಇಂಥ ರೋಗಿಗಳನ್ನು ನೋಡುವ ವೈದ್ಯನಾಗಿ ಹೇಳುವುದಾದರೆ, ಉರಿ ಇದ್ದಾಗಿಗಿಂತ ಈಗಲೇ ಅವರನ್ನು ಕರೆತರುವುದು ಹೆಚ್ಚು ಅಗತ್ಯ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳೂ ಅವುಗಳಿಗೆ ರಕ್ತ ಒದಗಿಸುವ ಸೂಕ್ಷ್ಮ ನಾಳಗಳೂ ಕೆಡುತ್ತವೆ; ಅತಿ ಉದ್ದದ ನರಗಳು ಮೊದಲು ಸೋಲುವುದರಿಂದ ತೊಂದರೆ ಎರಡೂ ಪಾದಗಳ ಬೆರಳುಗಳಲ್ಲಿ ಆರಂಭವಾಗಿ ಮೇಲಕ್ಕೇರುತ್ತದೆ. ಉರಿ ಮತ್ತು ಜೋಮು ಕೆಡುತ್ತಿರುವ ನರದ ಲಕ್ಷಣಗಳು. ಸಕ್ಕರೆ ಹತೋಟಿಗೆ ಬಂದು ಉರಿ ತಗ್ಗುವುದೂ ಉಂಟು, ಆದರೆ ನರತಂತುಗಳು ನಾಶವಾದ ಮೇಲೆ ಉರಿಯ ಜೊತೆಗೆ ಸ್ಪರ್ಶವೂ ಹೋಗಿಬಿಡುತ್ತದೆ. ಇವೆರಡರಲ್ಲಿ ಯಾವುದೆಂದು ರೋಗಿಯ ಮಾತಿನಿಂದ ಗೊತ್ತಾಗದು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, 128 ಹರ್ಟ್ಜ್‌ನ ಶ್ರುತಿಕವೆಯನ್ನು (ತಟ್ಟಿದರೆ ಕಂಪಿಸುವ ಲೋಹದ ಕವೆ) ಹೆಬ್ಬೆರಳ ಮೂಳೆಯ ಮೇಲಿಟ್ಟು ನೋಡಿದರೆ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ.

ಗೂಡು ಬೇಯಿಸುವ ನೀರು ಕಾಲಿನ ಮೇಲೆ ಚೆಲ್ಲಿದರೂ, ಚಪ್ಪಲಿಯೊಳಗೆ ಕಲ್ಲು ಸೇರಿದರೂ ಜಡವಾದ ಪಾದಕ್ಕೆ ಅರಿವಾಗುವುದಿಲ್ಲ. ನೋವಿಲ್ಲದ ಗಾಯದ ಮೇಲೆಯೇ ದಿನವಿಡೀ ನಿಂತು ಅದು ಹುಣ್ಣಾಗುತ್ತದೆ. ಆದ್ದರಿಂದ ರಾತ್ರಿ ಕೆಲಸ ಮುಗಿದ ಮೇಲೆ ಅವರ ಅಂಗಾಲನ್ನೂ ಬೆರಳ ಸಂದುಗಳನ್ನೂ ನೀವೇ ನೋಡಿ. ಬಿಸಿನೀರಿನಲ್ಲಿ ಕಾಲು ಅದ್ದಿಡಲು ಬಿಡಬೇಡಿ, ಆಣಿಯನ್ನು ಬ್ಲೇಡಿನಿಂದ ಕೆತ್ತಲು ಬಿಡಲೇಬೇಡಿ.

ಎಲ್ಲವನ್ನೂ ಸಕ್ಕರೆಯ ತಲೆಗೇ ಕಟ್ಟುವುದು ಸರಿಯಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಜೀವಸತ್ವ ಕಡಿಮೆಯಾಗಿ ಇದೇ ಜೋಮು ಬರಬಹುದು. ರಕ್ತಪರೀಕ್ಷೆಯಲ್ಲಿ ಅದು ಸಿಗುತ್ತದೆ ಮತ್ತು ಚಿಕಿತ್ಸೆಯೂ ಇದೆ. ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣವೂ ಇದೆ: ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ್ದು, ಅದನ್ನು ದಶಕಗಟ್ಟಲೆ ಕುಡಿದವರಲ್ಲಿ ಬೆನ್ನುಮೂಳೆ ಬಿಗಿದು ಮಿದುಳುಬಳ್ಳಿ ಒತ್ತಿಹೋಗಿ ಕಾಲು ಸೋಲಬಹುದು. ಬೆನ್ನು ಬಗ್ಗಿಸಲಾಗದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಎದ್ದು ನಿಂತಾಗ ತಲೆಸುತ್ತು, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಸಕ್ಕರೆ ಇಳಿದಾಗಲೂ ನಡುಕ ಬಾರದಿರುವುದು ಒಳಾಂಗಗಳ ನರ ಕೆಟ್ಟಿರುವ ಸೂಚನೆಗಳು. ಅಂಥವರಿಗೆ ಎದೆನೋವಿಲ್ಲದೆಯೂ ಹೃದಯಾಘಾತ ಆಗಬಹುದಾದ್ದರಿಂದ, ಕಾರಣವಿಲ್ಲದೆ ಬೆವರು ಅಥವಾ ಏದುಸಿರು ಬಂದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಾಗದೆ ಕೂಡಲೇ ಇಸಿಜಿ ಮಾಡಿಸಿ.