ಬಾಗಿಲ ಮುಂದೆ ಕುರ್ಚಿ ಹಾಕಿ ಕುಳಿತವರು ಸೋಮಾರಿಗಳಲ್ಲ

ಓದುಗರ ಪತ್ರ: "ಸ್ಪೇನಿನ ಬಿಳಿ ಹಳ್ಳಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಚಿತ್ರಲೇಖನ ಓದಿದೆ. ನನ್ನ ಮಗಳು ಮಾಲಗಾದಲ್ಲಿ ಕೆಲಸದಲ್ಲಿದ್ದಾಳೆ. ಜುಲೈಯಲ್ಲಿ ಅವಳ ಜೊತೆ ಕೊರ್ದೊಬಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಮನೆ ಹಿಡಿದು ಇದ್ದು ಬಂದೆ. ಮಧ್ಯಾಹ್ನ ಮೂರಕ್ಕೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುತ್ತದೆ. ರಾತ್ರಿ ಹತ್ತಾದರೂ ಜನ ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಹರಟುತ್ತಾರೆ. ಆ ದೇಶದಲ್ಲಿ ನಿರುದ್ಯೋಗ ಯಾಕೆ ಹೆಚ್ಚು ಎಂಬುದು ನನಗೆ ಅಲ್ಲಿಯೇ ತಿಳಿಯಿತು. ಇಂಥ ಸೋಮಾರಿತನವನ್ನು ಸುಖವೆಂದು ಹೊಗಳುವುದು ನಿಮ್ಮ ಪತ್ರಿಕೆಗೆ ಶೋಭಿಸುವುದಿಲ್ಲ. ಬರುವ ಜೂನ್‌ನಲ್ಲಿ ಮತ್ತೆ ಹೋಗಬೇಕಾಗಿದೆ. ಹೊತ್ತು ಕಳೆಯುವುದು ಹೇಗೆಂದು ಈಗಲೇ ಚಿಂತೆಯಾಗಿದೆ."
— ಒಬ್ಬ ನಿವೃತ್ತ ಎಂಜಿನಿಯರ್, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಮಾತಿನಲ್ಲಿ ಒಂದಂಶ ನಿಜವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀವಿದ್ದ ಕೊರ್ದೊಬಾ ಸೇರಿದ ದಕ್ಷಿಣ ಸ್ಪೇನಿನ ಸೀಮೆ ಆಂದಲೂಸಿಯಾದಲ್ಲಿ ನಿರುದ್ಯೋಗ ಹೆಚ್ಚು. ಆಲಿವ್ ಕೊಯ್ಲಿನ ಕೂಲಿ ಸಿಗುವುದು ಚಳಿಗಾಲದ ಕೆಲವೇ ತಿಂಗಳು. ಓದಿದ ಮಕ್ಕಳು ಮದ್ರಿದ್ ಸೇರುತ್ತಾರೆ, ಬಾರ್ಸೆಲೋನಾ ಸೇರುತ್ತಾರೆ. ಸುಣ್ಣದ ಗೋಡೆಗಳ ಚೆಂದದ ಚಿತ್ರ ಹಾಕಿ ಇದನ್ನೆಲ್ಲ ಮರೆಸಬಾರದು. ಒಪ್ಪಿದೆ. ಆದರೆ ಆ ನಿರುದ್ಯೋಗಕ್ಕೂ ಬೀದಿಯ ಕುರ್ಚಿಗೂ ನೀವು ಹಾಕಿದ ಗಂಟನ್ನು ಮಾತ್ರ ನಾನು ಬಿಚ್ಚಲೇಬೇಕು.

ನೀವು ಎಂಜಿನಿಯರ್ ಆದ್ದರಿಂದ ಗಡಿಯಾರದಿಂದಲೇ ಶುರುಮಾಡೋಣ. ಗ್ರೀನಿಚ್ ರೇಖೆ ಹಾದುಹೋಗುವುದು ಸ್ಪೇನಿನ ಪೂರ್ವ ಭಾಗದಲ್ಲಿ. ದೇಶದ ಬಹುಪಾಲು ನೆಲ ಅದರ ಪಶ್ಚಿಮಕ್ಕಿದೆ, ಅಂದರೆ ಲಂಡನ್ನಿನ ಸಮಯವೇ ಅದಕ್ಕೆ ಒಪ್ಪುವಂಥದ್ದು. ಹೀಗಿದ್ದೂ 1940ರ ಮಾರ್ಚ್‌ನಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಬರ್ಲಿನ್ನಿನ ಸಮಯಕ್ಕೆ ಹೊಂದಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೂ ಅದನ್ನು ಯಾರೂ ಹಿಂದಕ್ಕೆ ತಿರುಗಿಸಲಿಲ್ಲ. ಬೇಸಿಗೆಯಲ್ಲಿ ಇನ್ನೂ ಒಂದು ಗಂಟೆ ಸೇರುತ್ತದೆ. ಹೀಗಾಗಿ ಜುಲೈಯಲ್ಲಿ ಕೊರ್ದೊಬಾದಲ್ಲಿ ಸೂರ್ಯ ನೆತ್ತಿಗೆ ಬರುವುದು ಎರಡೂಕಾಲು ದಾಟಿದ ಮೇಲೆ. ನೀವು ಮೂರು ಗಂಟೆ ಎಂದು ಬರೆದದ್ದು ಅಲ್ಲಿನ ಮಟಮಟ ಮಧ್ಯಾಹ್ನ. ರಾತ್ರಿ ಹತ್ತು ಎಂದು ಬರೆದದ್ದು ಅಲ್ಲಿನ ಮುಸ್ಸಂಜೆ. ಮುಸ್ಸಂಜೆಯಲ್ಲಿ ಜನ ಮನೆಯ ಮುಂದೆ ಕುಳಿತಿದ್ದರು ಎಂದು ಯಾರಾದರೂ ದೂರುತ್ತಾರೆಯೇ?

ಇನ್ನು ಬಿಸಿಲು. ಸ್ಪೇನಿನ ದಾಖಲೆಯ ಸೆಕೆ, 47.6 ಡಿಗ್ರಿ, ಕಂಡದ್ದು ನೀವಿದ್ದ ಪ್ರಾಂತ್ಯದಲ್ಲೇ. 2021ರ ಆಗಸ್ಟ್ 14ರಂದು, ಲಾ ರಾಂಬ್ಲಾ ಎಂಬ ಊರಿನಲ್ಲಿ. ಆ ಬಿಸಿಲಿನಲ್ಲಿ ಬಾಗಿಲು ಹಾಕಿ, ಕಿಟಕಿಯ ತಡಿಕೆ ಇಳಿಸಿ, ಕತ್ತಲ ಕೋಣೆಯಲ್ಲಿ ಮಲಗುವುದು ಶತಮಾನಗಳ ತಿಳಿವಳಿಕೆ. 2022ರ ಬೇಸಿಗೆಯಲ್ಲಿ ಮದ್ರಿದ್‌ನ ಪೌರಕಾರ್ಮಿಕರೊಬ್ಬರು ಬೀದಿ ಗುಡಿಸುತ್ತಲೇ ಬಿಸಿಲಾಘಾತದಿಂದ ಕುಸಿದು ತೀರಿಕೊಂಡರು. ಮರುವರ್ಷ ಸರ್ಕಾರ ಸುಗ್ರೀವಾಜ್ಞೆ ತಂದು, ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಬೇರೆ ರಕ್ಷಣೆ ಸಾಲದಿದ್ದರೆ ಬಯಲಿನ ಕೆಲಸದ ಹೊತ್ತನ್ನು ಬದಲಿಸಬೇಕು ಇಲ್ಲವೇ ಕಡಿತಗೊಳಿಸಬೇಕು ಎಂದು ವಿಧಿಸಿತು. ಹಳ್ಳಿಯ ಮುದುಕಿಯರಿಗೆ ಗೊತ್ತಿದ್ದದ್ದನ್ನು ರಾಜಧಾನಿ ಒಂದು ಜೀವ ಕೊಟ್ಟು ಕಲಿಯಬೇಕಾಯಿತು. ವಲೆನ್ಸಿಯಾ ಪ್ರಾಂತ್ಯದ ಅದೋರ್ ಎಂಬ ಸಣ್ಣ ಊರಿನ ಮೇಯರ್ 2015ರಲ್ಲೇ ಡಂಗುರ ಸಾರಿಸಿದ್ದರು. ಮಧ್ಯಾಹ್ನ ಎರಡರಿಂದ ಐದರವರೆಗೆ ಗದ್ದಲ ಬೇಡ, ಮಕ್ಕಳನ್ನು ಮನೆಯೊಳಗೆ ಇರಿಸಿಕೊಳ್ಳಿ ಎಂದು. ಆಗ ನಕ್ಕವರು ಬಹಳ. ನಸುಕಿನಲ್ಲೇ ಎದ್ದು ಹೊಲದಲ್ಲಿ ದುಡಿದು ಬಂದವರ ನಿದ್ದೆಯನ್ನು ಕಾಯುವುದು ಪಂಚಾಯಿತಿಯ ಕರ್ತವ್ಯ ಎಂದೇ ನಾನು ತಿಳಿದಿದ್ದೇನೆ.

ಆ ನಸುಕನ್ನು ನೀವು ನೋಡಲಿಲ್ಲ ಎಂದು ಕಾಣುತ್ತದೆ. ನಾನೂ ಆ ಸೀಮೆಯ ಆಲಿವ್ ಗುಡ್ಡಗಳ ನಡುವಿನ ಒಂದು ಹಳ್ಳಿಯಲ್ಲಿ ಗೆಳೆಯನ ಮನೆಯಲ್ಲಿ ಉಳಿದಿದ್ದೆ. ಎದುರುಮನೆಯ ಗಾರೆ ಕೆಲಸದವನು ಏಳರೊಳಗೆ ಕೆಲಸಕ್ಕೆ ಇಳಿದಿರುತ್ತಿದ್ದ. ಒಂಬತ್ತೂವರೆಗೆ ಸುಣ್ಣ ಮೆತ್ತಿದ ಕೈ ತೊಳೆದುಕೊಂಡು ಚೌಕದ ಬಾರಿಗೆ ಬರುತ್ತಿದ್ದ. ಅಲ್ಲಿಯ ಬಾರೆಂದರೆ ಬೆಳಿಗ್ಗೆ ಕಾಫಿ ಹೋಟೆಲ್ಲೇ, ಅಜ್ಜಿಯರೂ ಬರುತ್ತಾರೆ. ಅವನ ತಿಂಡಿ ದಿನವೂ ಅದೇ. ಮೊಯೆತೆ ಎಂಬ ಮೆತ್ತನೆಯ ದುಂಡು ಬ್ರೆಡ್ಡನ್ನು ಅಡ್ಡ ಸೀಳಿ ಬಿಸಿಮಾಡಿ ಕೊಡುತ್ತಾರೆ. ಅವನು ಅದರ ಒಳಮೈಯನ್ನು ಚಾಕುವಿನ ತುದಿಯಿಂದ ಅಲ್ಲಲ್ಲಿ ಚುಚ್ಚಿ, ಹಸಿರು ಆಲಿವ್ ಎಣ್ಣೆಯನ್ನು ಸುರುವಿ, ಅದು ಇಂಗುವವರೆಗೆ ಕಾಯುತ್ತಿದ್ದ. ಆಮೇಲೆ ತುರಿದ ಟೊಮೆಟೊ, ಮೇಲೆ ಚಿಟಿಕೆ ಉಪ್ಪು. ಎಣ್ಣೆ ಇಂಗುವ ಆ ಹೊತ್ತಿನಲ್ಲಿ ಅವನು ಮೊಬೈಲ್ ತೆಗೆಯುತ್ತಿರಲಿಲ್ಲ, ಪಕ್ಕದವನ ಬಳಿ ಮಾತಾಡುತ್ತಿದ್ದ. ಹೊಸಬರು ಯಾರೇ ಒಳಗೆ ಬಂದರೂ ಇಡೀ ಬಾರಿಗೆ ಕೇಳುವಂತೆ ಶುಭೋದಯ ಹೇಳುತ್ತಿದ್ದರು, ಎಲ್ಲರೂ ಮರಳಿ ಹೇಳುತ್ತಿದ್ದರು. ಮೂರರ ಹೊತ್ತಿಗೆ ಅವನ ದಿನದ ದುಡಿಮೆ ಮುಗಿದಿರುತ್ತಿತ್ತು. ರಾತ್ರಿ ಹತ್ತಕ್ಕೆ ಬಾಗಿಲ ಮುಂದೆ ಕುಳಿತಿದ್ದ ಅವನನ್ನು ನೀವು ಕಂಡಿದ್ದರೆ ಸೋಮಾರಿ ಎಂದೇ ಬರೆಯುತ್ತಿದ್ದಿರಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಬೀದಿಯ ಸುಖ ತಾನಾಗಿ ಒದಗಿದ್ದಲ್ಲ. ಅದರ ಹಿಂದೆ ದಿನನಿತ್ಯದ ಕೆಲಸವಿದೆ, ಅದರಲ್ಲಿ ಹೆಚ್ಚಿನದು ಹೆಂಗಸರ ಕೆಲಸ. ಸಂಜೆ ಗೋಡೆಯ ನೆರಳು ಬೀದಿಗೆ ಚಾಚುತ್ತಿದ್ದಂತೆ ಒಬ್ಬಾಕೆ ಬಕೆಟ್ಟು ಹಿಡಿದು ಹೊರಬಂದು ಹೊಸ್ತಿಲ ಮುಂದೆ ನೀರು ಚಿಮುಕಿಸುತ್ತಾಳೆ. ಕಾದ ಕಲ್ಲಿನಿಂದ ಹಬೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ನೆಲ ತಣಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಅಂಗಳಕ್ಕೆ ನೀರು ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಂತರ ಜೊಂಡುಹುಲ್ಲು ಹೆಣೆದ ಗಿಡ್ಡ ಕುರ್ಚಿಗಳು ಒಂದೊಂದೇ ಹೊರಬರುತ್ತವೆ. ಬೀಸಣಿಗೆಗಳು ಬರುತ್ತವೆ. ಕೊನೆಗೆ ಬೊತಿಹೊ ಬರುತ್ತದೆ.

ಬೊತಿಹೊ ನಿಮ್ಮ ಕಣ್ಣಿಗೆ ಬಿದ್ದಿರಲೇಬೇಕು. ನೆತ್ತಿಯ ಮೇಲೆ ಹಿಡಿಕೆ, ಒಂದು ಬದಿಗೆ ನೀರು ತುಂಬುವ ಅಗಲ ಬಾಯಿ, ಇನ್ನೊಂದು ಬದಿಗೆ ನಮ್ಮ ಗಿಂಡಿಯ ಮೂತಿಯಷ್ಟೇ ಸಣ್ಣ ಮೂತಿ ಇರುವ ಮಣ್ಣಿನ ಹೂಜಿ ಅದು. ಮೆರುಗು ಕೊಡದ ಮಣ್ಣಾದ್ದರಿಂದ ಮೈಯೆಲ್ಲ ಬೆವರುತ್ತದೆ, ಆ ಬೆವರು ಆವಿಯಾಗುತ್ತ ಒಳಗಿನ ನೀರಿನ ಕಾವನ್ನು ಕದಿಯುತ್ತದೆ. ಮದ್ರಿದ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಗಾಬ್ರಿಯೆಲ್ ಪಿಂಟೊ ಮತ್ತು ಹೊಸೆ ಇಗ್ನಾಸಿಯೊ ಸುಬಿಸರ್ರೇತಾ ಎಂಬಿಬ್ಬರು ವಿಜ್ಞಾನಿಗಳು 1995ರಲ್ಲಿ ಈ ತಂಪನ್ನು ಗಣಿತದ ಸಮೀಕರಣಗಳಲ್ಲಿ ಹಿಡಿದು ಪ್ರಕಟಿಸಿದರು. ನಿಮ್ಮ ವೃತ್ತಿಯವರು ಗೌರವಿಸಬೇಕಾದ ಕೆಲಸ ಅದು. ಒಣ ಹವೆಯಿದ್ದರಷ್ಟೇ ಈ ಉಪಾಯ ನಡೆಯುತ್ತದೆ. ಕೊರ್ದೊಬಾದಲ್ಲಿ ನಡೆಯುವಂತೆ ನಮ್ಮ ವಿಜಯಪುರದಲ್ಲಿಯೂ ಏಪ್ರಿಲ್ ತಿಂಗಳಲ್ಲಿ ನಡೆದೀತು, ಮಂಗಳೂರಿನ ಸೆಕೆಯಲ್ಲಿ ಅಷ್ಟಾಗಿ ನಡೆಯದು. ಬೊತಿಹೊಗಳಿಗೆ ಹೆಸರಾದ ಕುಂಬಾರರ ಊರು ಯಾವುದು ಗೊತ್ತೇ? ಲಾ ರಾಂಬ್ಲಾ, 47.6 ಡಿಗ್ರಿಯ ಅದೇ ಊರು. ಸೆಕೆ ಎಲ್ಲಿ ಉಗ್ರವೋ ಅಲ್ಲೇ ಅದಕ್ಕೆ ಮದ್ದು ಅರೆದಿದ್ದಾರೆ.

ಹೊಸ ಬೊತಿಹೊ ತಂದರೆ ಮಣ್ಣಿನ ವಾಸನೆ ಹೋಗಲೆಂದು ಮೊದಲು ನೀರಿಗೆ ಸ್ವಲ್ಪ ಸೋಂಪಿನ ಮದ್ಯ ಬೆರೆಸಿ ಕೆಲವು ದಿನ ಬಿಟ್ಟು ಚೆಲ್ಲುತ್ತಾರೆ. ಬೀದಿಯಲ್ಲಿ ಕುಳಿತವರಿಗೆಲ್ಲ ಒಂದೇ ಬೊತಿಹೊ. ಕೈಯಿಂದ ಕೈಗೆ ಹೋಗುತ್ತದೆ, ಆದರೆ ಯಾರೂ ಮೂತಿಗೆ ತುಟಿ ತಾಗಿಸುವುದಿಲ್ಲ. ಎತ್ತಿ ಹಿಡಿದು, ಸಣ್ಣ ಧಾರೆಯನ್ನು ಬಾಯಿಗೆ ಬಿಟ್ಟುಕೊಳ್ಳಬೇಕು. ಕಚ್ಚಿ ಕುಡಿಯಬೇಡ, ಎತ್ತಿ ಕುಡಿ ಎಂದು ನಮ್ಮ ಮನೆಗಳಲ್ಲಿ ಮಕ್ಕಳನ್ನು ಗದರುತ್ತಿದ್ದರಲ್ಲ, ಅದೇ ಶಿಸ್ತು. ನಾನು ಧಾರೆ ಚೆಲ್ಲದೆ ಕುಡಿದದ್ದನ್ನು ಕಂಡು ಗೆಳೆಯನ ಅತ್ತೆ ಚಪ್ಪಾಳೆ ತಟ್ಟಿದರು. ಹೊರಗಿನಿಂದ ಬಂದವರು ಅಂಗಿ ತೋಯಿಸಿಕೊಳ್ಳುವುದನ್ನೇ ನೋಡಿದವರು ಅವರು.

ಹೂವಿನ ಮಾತನ್ನೂ ಸೇರಿಸಬೇಕು. ನಿಮ್ಮ ಮಗಳಿರುವ ಮಾಲಗಾದಲ್ಲಿ ಬೇಸಿಗೆಯ ಸಂಜೆ ಬಿಸ್ನಾಗಾ ಮಾರುವವರು ಬರುತ್ತಾರೆ. ಬಿಳಿ ಅಂಗಿ, ಸೊಂಟಕ್ಕೆ ಕೆಂಪು ವಸ್ತ್ರ. ಒಂದು ಕಾಡುಗಿಡದ ಗೊಂಚಲನ್ನು ಮುಂಚೆಯೇ ಕೊಯ್ದು ಒಣಗಿಸಿ, ಅದರ ಒಂದೊಂದು ಕಡ್ಡಿಯ ತುದಿಗೂ ಒಂದೊಂದು ಮಲ್ಲಿಗೆಯ ಮೊಗ್ಗನ್ನು ಸಿಕ್ಕಿಸಿ ಮಾಡಿದ ಬಿಳಿಯ ಚೆಂಡು ಅದು. ಮೊಗ್ಗು ಬಿರಿಯುವ ಮೊದಲೇ ಬಿಡಿಸಬೇಕು, ಬಿರಿಯುವ ಮೊದಲೇ ಪೋಣಿಸಿ ಮುಗಿಸಬೇಕು. ರಾತ್ರಿಯಾದಂತೆ ಅದು ತಾನೇ ಅರಳಿ ಕೋಣೆಯನ್ನು ತುಂಬುತ್ತದೆ. ಮೈಸೂರು ಮಲ್ಲಿಗೆ ಕಟ್ಟುವವರೂ ಶಂಕರಪುರದ ಮಲ್ಲಿಗೆ ಬೆಳೆಗಾರರೂ ಪಾಲಿಸುವ ಹೊತ್ತಿನ ಲೆಕ್ಕವೇ ಇದು. ಹಳ್ಳಿಗಳಲ್ಲಿ ಹೆಂಗಸರು ಮಲ್ಲಿಗೆಯನ್ನು ಸಣ್ಣ ಗೊಂಚಲಾಗಿ ಕಟ್ಟಿ ಮುಡಿಯುವುದೂ ಉಂಟು. ನೀವು ಜುಲೈಯಲ್ಲಿ ಅಲ್ಲಿದ್ದೂ ನಿಮ್ಮ ಪತ್ರದಲ್ಲಿ ಮಲ್ಲಿಗೆಯ ಸುದ್ದಿಯೇ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

ಗೋಡೆಯ ಬಿಳುಪೂ ಹಾಗೆಯೇ. ಪ್ರವಾಸಿಗರಿಗೆ ಅದು ಚಿತ್ರ, ಮನೆಯವರಿಗೆ ಪ್ರತಿವರ್ಷದ ದುಡಿಮೆ. ಬೇಸಿಗೆಗೆ ಮುಂಚೆ ಸುಣ್ಣ ಬಳಿದರೆ ಬಿಸಿಲು ಗೋಡೆಗಿಳಿಯದೆ ಹಿಂದಿರುಗುತ್ತದೆ. ಸೆವಿಯಾ ಪ್ರಾಂತ್ಯದ ಮೊರೋನ್ ದೆ ಲಾ ಫ್ರೊಂತೇರಾದಲ್ಲಿ ಸುಣ್ಣ ಸುಡುವ ಹಳೆಯ ಕಸುಬನ್ನು ಉಳಿಸಿಕೊಂಡ ರೀತಿಯನ್ನು ಯುನೆಸ್ಕೊ 2011ರಲ್ಲಿ ಮಾದರಿ ಎಂದು ಗುರುತಿಸಿತು.

ಹೀಗೆ ನೀರು ಚಿಮುಕಿಸುವವರು, ಸುಣ್ಣ ಬಳಿಯುವವರು, ಮೊಗ್ಗು ಬಿಡಿಸುವವರು, ಹೂಜಿ ತುಂಬಿಡುವವರು ಎಲ್ಲರೂ ಸೇರಿ ಕಟ್ಟಿದ ಸಂಜೆ ಅದು. ಅದನ್ನು ಕೆಡವುತ್ತಿರುವವರ ಮೇಲೆ ನನಗೆ ಸಿಟ್ಟಿದೆ. ಕಾದಿಸ್ ಪ್ರಾಂತ್ಯದ ಅಲ್ಗಾರ್ ಎಂಬ ಸಾವಿರದ ನಾನೂರು ಜನರ ಊರಿನ ಮೇಯರ್ ಹೊಸೆ ಕಾರ್ಲೊಸ್ ಸಾಂಚೆಸ್, ಬಾಗಿಲ ಮುಂದಿನ ಈ ಹರಟೆಯನ್ನು ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಬೇಕೆಂದು 2021ರಲ್ಲಿ ಮುಂದೆ ಬಂದರು. ಟಿವಿಯೂ ಸಾಮಾಜಿಕ ಜಾಲತಾಣಗಳೂ ಅದನ್ನು ನುಂಗುತ್ತಿವೆ ಎಂಬುದು ಅವರ ಅಳಲು. ಇತ್ತ 2025ರ ಬೇಸಿಗೆಯಲ್ಲಿ ಗ್ರನಾದಾ ಬಳಿಯ ಸಾಂತಾ ಫೆಯ ಪೊಲೀಸರು, ಬೀದಿಗೆ ಕುರ್ಚಿ ಹಾಕುವುದು ನಿಯಮಕ್ಕೆ ಒಳಪಟ್ಟದ್ದು, ತೆಗೆಯಿರಿ ಎಂದರೆ ತೆಗೆಯಬೇಕು ಎಂದು ಪ್ರಕಟಣೆ ಹೊರಡಿಸಿದರು. ಕೊಲಂಬಸನ ಯಾನದ ಒಪ್ಪಂದಕ್ಕೆ 1492ರಲ್ಲಿ ಸಹಿ ಬಿದ್ದ ಊರು ಅದು. ಅಲ್ಲಿ ಅಜ್ಜಿಯ ಕುರ್ಚಿಗೆ ಜಾಗವಿಲ್ಲವಂತೆ! ಅದೇ ಬೀದಿಯ ಅರ್ಧವನ್ನು ನಿಂತ ಕಾರು ಹಗಲೂ ರಾತ್ರಿಯೂ ಆಕ್ರಮಿಸಿದರೆ ಕೇಳುವವರಿಲ್ಲ. ಒಳಗೆ ಎಸಿ ಹಾಕಿಕೊಂಡವರು ಕೋಣೆಯ ಕಾವನ್ನೆಲ್ಲ ಬೀದಿಗೆ ಉಗುಳಿದರೂ ಕೇಳುವವರಿಲ್ಲ.

ಬ್ಯಾಂಕುಗಳೂ ಹೀಗೆಯೇ ಮಾಡಿದವು. ಹಳ್ಳಿಗಳಲ್ಲಿ ಶಾಖೆ ಮುಚ್ಚಿ, ಎಲ್ಲವನ್ನೂ ಮೊಬೈಲಿನಲ್ಲಿ ಮಾಡಿಕೊಳ್ಳಿ ಎಂದವು. ವಲೆನ್ಸಿಯಾದ ನಿವೃತ್ತ ವೈದ್ಯ ಕಾರ್ಲೊಸ್ ಸಾನ್ ಹುವಾನ್ 2022ರಲ್ಲಿ, ತಾನು ಮುದುಕನೇ ಹೊರತು ದಡ್ಡನಲ್ಲ ಎಂದು ಎದ್ದುನಿಂತು ಆರು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಕೌಂಟರಿನ ಹಿಂದೆ ಒಂದು ಮುಖವಿರಲಿ, ಹೇಗಿದ್ದೀರಿ ಎಂದು ಕೇಳುವವರಿರಲಿ, ಇಷ್ಟೇ ಅವರ ಬೇಡಿಕೆಯ ತಿರುಳು. ಇದು ಮುದುಕರ ಹಟವೆಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಸಿದ್ಧ.

ನಮ್ಮಲ್ಲಿ ಏನಾಯಿತು? ಜಗಲಿ ಇಲ್ಲದ ಮನೆ ಒಂದು ಕಾಲಕ್ಕೆ ಮನೆಯೇ ಆಗಿರಲಿಲ್ಲ. ಈಗ ಮೂವತ್ತು-ನಲವತ್ತರ ನಿವೇಶನದಲ್ಲಿ ಕಾರಿಗೆ ಜಾಗ ಬಿಟ್ಟು, ಕಾಂಪೌಂಡು ಎಬ್ಬಿಸಿ, ಗೇಟಿಗೆ ಬೀಗ ಹಾಕಿ ಒಳಗೆ ಕುಳಿತಿದ್ದೇವೆ. ದಾರಿಹೋಕನಿಗೆ ಒಂದು ಗಳಿಗೆ ಕೂರಲು ಕಟ್ಟೆಯಿಲ್ಲ. ಆ ನಕಾಶೆಗಳನ್ನು ಬರೆದವರು, ಸಹಿ ಹಾಕಿದವರು ನಿಮ್ಮ ವೃತ್ತಿಯವರೇ ಅಲ್ಲವೇ? ನೊಂದುಕೊಳ್ಳಬೇಡಿ. ಪರದೇಶದ ಹಳ್ಳಿಯಲ್ಲಿ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಕುರ್ಚಿ ಎಷ್ಟು ಹೊತ್ತಿಗೆ ಹೊರಬರುತ್ತದೆ ಎಂದು ಗಮನವಿಟ್ಟು ಕಂಡವರು ನೀವು. ಕಂಡದ್ದಕ್ಕೆ ಕಾರಣ ಹುಡುಕುವ ಬುದ್ಧಿಯೂ ನಿಮ್ಮಲ್ಲಿದೆ ಎಂದು ನಂಬಿಯೇ ಇಷ್ಟು ಉದ್ದ ಬರೆದೆ.

ಜೂನ್‌ನಲ್ಲಿ ಹೊತ್ತು ಕಳೆಯುವುದು ಹೇಗೆ ಎಂದು ಕೇಳಿದ್ದೀರಿ. ಬೆಳಿಗ್ಗೆ ಬ್ರೆಡ್ಡಿನ ಅಂಗಡಿಗೆ ಮಗಳನ್ನು ಕಳಿಸದೆ ನೀವೇ ಹೋಗಿ. ಅಲ್ಲಿ ಸಾಲು ನಿಲ್ಲುವುದಿಲ್ಲ. ಒಳಗೆ ಹೋದವರು ಎಲ್ಲರಿಗೂ ಶುಭೋದಯ ಹೇಳಿ, "ಕಿಯೆನ್ ಎಸ್ ಲಾ ಉಲ್ತಿಮಾ?", ಕೊನೆಗೆ ಬಂದವರು ಯಾರು, ಎಂದು ಕೇಳುತ್ತಾರೆ. ಒಬ್ಬಾಕೆ ಕೈ ಎತ್ತುತ್ತಾಳೆ. ಅವಳ ಮುಖ ನೆನಪಿಟ್ಟುಕೊಂಡರೆ ಸಾಕು, ಅವಳಾದ ಮೇಲೆ ನಿಮ್ಮ ಸರದಿ. ಅಷ್ಟರಲ್ಲಿ ನೀವು ಯಾವ ಊರಿನವರು, ಮಗಳಿಗೆ ಮದುವೆಯಾಗಿದೆಯೇ ಎಂಬುದೆಲ್ಲ ವಿಚಾರಣೆ ಆಗಿರುತ್ತದೆ. ಮಧ್ಯಾಹ್ನ ಗಸ್ಪಾಚೊ ಎಂಬ ತಣ್ಣನೆಯ ಸೂಪನ್ನು ಲೋಟದಲ್ಲೇ ಕುಡಿಯಿರಿ. ಟೊಮೆಟೊ, ಸೌತೆ, ಬೆಳ್ಳುಳ್ಳಿ, ಎಣ್ಣೆ, ಹುಳಿ ಎಲ್ಲ ನಿಮ್ಮ ನಾಲಿಗೆಗೆ ಒಗ್ಗುವಂಥವೇ. ಆಮೇಲೆ ಕಿಟಕಿ ಮುಚ್ಚಿ ಮಲಗಿ. ಸಂಜೆ ಮನೆಯ ಕುರ್ಚಿಯನ್ನು ನೀವೇ ಎತ್ತಿ ಹೊರಗೆ ಹಾಕಿ. ಯಾರೂ ಕರೆಯಲೆಂದು ಕಾಯಬೇಡಿ, ಅಲ್ಲಿ ಕುರ್ಚಿ ಹಾಕಿದ್ದೇ ಬಂದಿದ್ದೇನೆ ಎಂದು ಹೇಳಿದಂತೆ.

ಹೋಗಿ ಬಂದು ಬರೆಯಿರಿ. ಆಗಲೂ ನಿಮ್ಮ ಅಭಿಪ್ರಾಯ ಇದೇ ಆಗಿದ್ದರೆ, ಒಂದಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕುತ್ತೇನೆ.