ಸಾವಿನ ಹಾಡು ಕೇಳಿದರೆ ಮನಸ್ಸು ಹಗುರಾಗುವುದು ತಪ್ಪೇ?

ತಂದೆಯವರು ತೀರಿಕೊಂಡ ಮೇಲೆ ಸಾವು, ಅಗಲಿಕೆ, ಕತ್ತಲೆಯ ಹಾಡುಗಳನ್ನೇ ಕೇಳಬೇಕೆನಿಸುತ್ತದೆ, ಕೇಳಿದರೆ ಮನಸ್ಸು ಹಗುರಾಗುತ್ತದೆ, ಮನೆಯವರು ಮಾತ್ರ ಅಪಶಕುನವೆಂದು ಬೈಯುತ್ತಾರೆ, ಇದು ತಪ್ಪೇ ಎಂದು ಕೇಳಿದ್ದೀರಿ. ಖಂಡಿತ ತಪ್ಪಲ್ಲ. ನಮ್ಮ ಕಲಬುರಗಿ ಸೀಮೆಯಲ್ಲಿ ಸಾವಿನ ಮನೆಯೊಳಗೇ ಕುಳಿತು ಸಾವಿನ ಹಾಡು ಹಾಡುತ್ತಾರೆ.

ಲಿಂಗಾಯತರ ಮನೆಗಳಲ್ಲಿ ಶವಕ್ಕೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿ, ಮಣ್ಣು ಮಾಡಲು ಒಯ್ಯುವವರೆಗೂ ಅದರ ಎದುರಿಗೇ ಭಜನೆ ನಡೆಸುವುದುಂಟು. ಅಲ್ಲಿ ಕೇಳಿಬರುವವು ಹೆಚ್ಚಾಗಿ ತತ್ವಪದಗಳು: ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರವು, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರವು. ಈ ದೇಹ ನಿಲ್ಲುವಂಥದ್ದಲ್ಲ, ನೀನೂ ಹೋಗುವವನೇ ಎಂದು ಎದುರು ಕುಳಿತವನಿಗೇ ನೇರವಾಗಿ ಹೇಳುವ ಪದಗಳಿವು. ಕಠಿಣವಾದ ಮಾತು, ನಿಜ. ಆದರೆ ಮುಂದಾಳು ಒಂದು ಸಾಲನ್ನು ಎತ್ತಿಕೊಂಡು, ತಾಳ ಹಿಡಿದ ಹಿಮ್ಮೇಳದವರೆಲ್ಲ ಅದನ್ನೇ ತಿರುತಿರುಗಿ ಹಾಡುವಾಗ, ಆ ಮನೆಯವರ ಮೇಲಷ್ಟೇ ಎರಗಿದಂತಿದ್ದ ಮರಣ ಅಲ್ಲಿದ್ದವರೆಲ್ಲರ ಪಾಲಿನದಾಗುತ್ತದೆ. ಸಾಂತ್ವನ ಹುಟ್ಟುವುದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಮೊಹರಮ್ಮಿನ ರಿವಾಯತ್ ಪದಗಳದು ಬೇರೆ ದಾರಿ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನೀರಿಗೂ ಗತಿಯಿಲ್ಲದೆ ಮಡಿದ, ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರ ಮತ್ತು ಅವರ ಬಳಗದ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ಕನ್ನಡದಲ್ಲೇ ಹಾಡುತ್ತಾರೆ. ನೀರಡಿಸಿದ ಕೂಸಿನ ಸಾಲು ಬಂದಾಗ, ಮಗನನ್ನು ಕಳೆದುಕೊಂಡಿದ್ದ ಮುದುಕಿಯೊಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದುದನ್ನು ನಾನು ನೋಡಿದ್ದೇನೆ. ಮನೆಯಲ್ಲಿ “ಇನ್ನ ಎಷ್ಟ ದಿನ ಅಳ್ತಿ, ಸಾಕ್ ಮಾಡು” ಎನ್ನಿಸಿಕೊಳ್ಳುತ್ತಿದ್ದ ಆಕೆಗೆ ಅಲ್ಲಿ ಯಾರೂ ಸುಮ್ಮನಿರು ಎನ್ನಲಿಲ್ಲ. ಹುಸೇನರಿಗಾಗಿ ಅಳುವ ಗುಂಪಿನೊಳಗೆ ಆಕೆ ತನ್ನ ಮಗನಿಗಾಗಿಯೂ ಅತ್ತರು. ನೀವು ಕೇಳುವ ಹಾಡು ಗಿಟಾರಿನದಾಗಿರಲಿ, ಬೇರೆ ಭಾಷೆಯದಾಗಿರಲಿ, ನಿಮಗೂ ಇಂಥದೇ ಜಾಗವನ್ನು ಮಾಡಿಕೊಡುತ್ತಿದೆ.

ಹಾಡು ಮುಗಿದ ಮೇಲೆ ಹಗುರಾಗುವ ಬದಲು ನಾನೂ ಹೋಗಿಬಿಡಬೇಕೆಂಬ ಯೋಚನೆ ಬಲವಾಗತೊಡಗಿದರೆ ದಯವಿಟ್ಟು ಹಾಡು ಕೇಳುವುದನ್ನು ನಿಲ್ಲಿಸಿ, ಹತ್ತಿರದವರೊಡನೆ ಮಾತನಾಡಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಹಾಗೇನೂ ಇಲ್ಲವಾದರೆ ಧಾರಾಳವಾಗಿ ಕೇಳಿ. ಹತ್ತಿರದ ಮಠದಲ್ಲಿ ಅಮಾವಾಸ್ಯೆಯ ಭಜನೆ ನಡೆಯುತ್ತಿದ್ದರೆ ಒಮ್ಮೆ ಹಿಮ್ಮೇಳದವರ ಸಾಲಿನಲ್ಲಿ ಕುಳಿತು ದನಿಗೂಡಿಸಿ, ಬೈಯುವ ಮನೆಯವರನ್ನೂ ಜೊತೆಗೆ ಕರೆದೊಯ್ಯಿರಿ.