ಎತ್ತು ಕಥೆ ಹೇಳುವ ಕಾದಂಬರಿ: ಹೆಸರು ಬದಲಿಸಿದರೆ ಸಾಲದು

ಸರ್, ನೀವು ಗುಂಪಿಗೆ ಹಾಕಿದ ಅಧ್ಯಾಯಗಳನ್ನು ಓದಿದೆ. ಚಳ್ಳಕೆರೆ ಕಡೆಯ ಕಾವಲಿನಲ್ಲಿ (ದನ ಮೇಯುವ ಹುಲ್ಲುಗಾವಲು) ಹುಟ್ಟಿದ ಹೋರಿಕರು ಸಂತೆಯಲ್ಲಿ ಮಾರಾಟವಾಗಿ ಶೇಂಗಾ ಹೊಲದಲ್ಲಿ ದುಡಿಯುತ್ತೆ, ಆಮೇಲೆ ಹರಿಹರದ ಹತ್ತಿರ ಭದ್ರಾ ಕಾಲುವೆಯ ಗದ್ದೆಗೆ ಬರುತ್ತೆ, ಕೊನೆಗೆ ದೇವರ ಎತ್ತುಗಳ ಹಿಂಡು ಸೇರುತ್ತೆ. ಕಥೆ ಹೇಳೋದೂ ಅದೇ. ಹೋದಲ್ಲೆಲ್ಲ ಹೊಸ ಹೆಸರು. ಓದಿದವರು "ಎತ್ತಿನ ಚರ್ಮ ಹೊದ್ದ ಮೇಷ್ಟ್ರು ಮಾತಾಡಿದ ಹಾಗಿದೆ, ರೂಪಾಂತರ ನಂಬೋಕಾಗಲ್ಲ" ಅಂತಾರೆ, ಏನು ತಿದ್ದಲಿ ಅಂತ ಕೇಳಿದ್ದೀರಿ.

ತಿದ್ದಬೇಕಾದ್ದು ಮುಖ್ಯವಾಗಿ ಒಂದು. ಹೆಸರು ಬದಲಾದ ಕೂಡಲೇ ನಿಮ್ಮ ಎತ್ತು "ನಾನೀಗ ಯಾರು?" ಅಂತ ಪುಟಗಟ್ಟಲೆ ಯೋಚಿಸುತ್ತೆ, ಆದರೆ ಅದರ ಮೈ ಹಾಗೇ ಇರುತ್ತೆ. ಬದಲಾವಣೆಯನ್ನು ಮೈಗೆ ತನ್ನಿ, ಯೋಚನೆಯನ್ನು ಕಡಿಮೆ ಮಾಡಿ. ಆನಾ ಸ್ಯೂಯೆಲ್ ಬರೆದ 'ಬ್ಲ್ಯಾಕ್ ಬ್ಯೂಟಿ' (1877) ಇದಕ್ಕೆ ಒಳ್ಳೆ ಮಾದರಿ. ಅಲ್ಲಿ ಕಥೆ ಹೇಳುವ ಕುದುರೆಗೆ ಮರಿಯಾಗಿದ್ದಾಗ ಡಾರ್ಕಿ, ಆಮೇಲೆ ಬ್ಲ್ಯಾಕ್ ಬ್ಯೂಟಿ, ಬ್ಲ್ಯಾಕ್ ಆಸ್ಟರ್, ಲಂಡನ್ನಿನ ಬಾಡಿಗೆ ಗಾಡಿಯಲ್ಲಿ ಜ್ಯಾಕ್, ಮುಪ್ಪಿನಲ್ಲಿ ಓಲ್ಡ್ ಕ್ರೋನಿ ಅಂತ ಹೆಸರು ಬೀಳುತ್ತೆ. ಇಷ್ಟಾದ ಮೇಲೆ ಹಳೇ ಸೈಸ ಅದನ್ನು ಗುರುತು ಹಿಡಿಯೋದು ಹಣೆಯ ಬಿಳಿ ಚುಕ್ಕೆ, ಒಂದು ಬಿಳಿ ಕಾಲು, ಬೆನ್ನಿನ ಬಿಳಿ ಕೂದಲ ಮಚ್ಚೆಯಿಂದ. ನಿಮ್ಮ ಎತ್ತಿಗೂ ಮೊದಲ ಅಧ್ಯಾಯದಲ್ಲೇ ಅಂಥ ಎರಡು ಗುರುತು ಕೊಟ್ಟುಬಿಡಿ.

ಹೊಸ ಹೆಸರು ಮೊದಮೊದಲು ಬರೀ ಸದ್ದು. ದಿನಾ ಹಿಂಡಿ ಇಡುವಾಗ ಕೂಗಿದರೆ ಮಾತ್ರ ಅದು ಎತ್ತಿನದಾಗುತ್ತೆ. ಹಾಗಾಗಿ ನಾಮಕರಣದ ದೃಶ್ಯಕ್ಕಿಂತ ಗೋದಲಿಯ ದೃಶ್ಯ ಬರೆಯಿರಿ.

ಮೂಗುದಾರ ಹಾಕಿದ್ದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ, ಇದು ದೊಡ್ಡ ನಷ್ಟ. ಕಾವಲಿನ ಕರುವಿಗೆ ಮನುಷ್ಯ ಅಂದರೆ ದೂರದಿಂದ ಬರುವ ವಾಸನೆ. ಮೂಗು ಚುಚ್ಚಿದ ಮೇಲೆ ಅದೇ ಮನುಷ್ಯ ಹಗ್ಗದ ಆ ತುದಿ. ಗಾಯ ಮಾಯುವವರೆಗೆ ಅನುಭವಸ್ಥರು ಎಳೆಯಲ್ಲ, ಅವಸರದವನು ಎಳೆದು ಕೀವು ಮಾಡ್ತಾನೆ. ಧಣಿ ಎಂಥವನು ಅಂತ ಅಷ್ಟರಲ್ಲೇ ಗೊತ್ತಾಗಿಬಿಡುತ್ತೆ. ಮೂಗುದಾರ ಬೀಳುವವರೆಗೆ 'ಹಗ್ಗ' ಅನ್ನೋ ಪದವನ್ನೇ ಅದರ ಬಾಯಲ್ಲಿ ಬಳಸಬೇಡಿ. ಒಂದೊಂದು ಘಟ್ಟಕ್ಕೂ ಹೀಗೆ ಹೊಸ ಪದ ಸೇರುತ್ತಾ ಹೋದರೆ ಮಾತಿನ ಧಾಟಿ ತಾನಾಗಿ ಬದಲಾಗುತ್ತೆ.

ಬೀಜ ಒಡೆಸಿದ ಮರುದಿನವೇ ಹೋರಿ ಸಾಧುವಾಯ್ತು ಅಂತ ಬರೆದಿದ್ದೀರಿ. ಆಗಲ್ಲ. ಬೀಜದ ನರ ಜಜ್ಜುವ ಬರ್ಡಿಜೋ ಇಕ್ಕಳದಲ್ಲಿ ಒತ್ತಿಸಿದರೆ ಮೊದಲು ಕೆಲವು ದಿನ ಬಾವು, ನಡಿಗೆ ಬಿಗಿ. ಬೀಜ ಬತ್ತೋಕೆ ನಾಲ್ಕರಿಂದ ಆರು ವಾರ ಬೇಕು. ಸ್ವಭಾವ ಇನ್ನೂ ನಿಧಾನ, ಅದೂ ಬೆದೆ ಹಸುವಿನ ಬೆನ್ನು ಬೀಳುವುದು, ಹಾಯುವುದು ರೂಢಿಯಾಗಿದ್ದರೆ ಪೂರ್ತಿ ಹೋಗದೆಯೂ ಇರಬಹುದು. ನಿಮ್ಮ ಕಾದಂಬರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಹಸುವಿನ ಮೂತ್ರ ಮೂಸಿ ಮೇಲ್ತುಟಿ ಎತ್ತುತ್ತೆ, ಹಳೇ ಅಭ್ಯಾಸ ಹಾಗೇ ಇದೆ, ಆದರೆ ಅದರ ಹಿಂದಿನ ಆವೇಶ ಇಲ್ಲ. ಯಾಕೆ ಅಂತ ಅದಕ್ಕೆ ತಿಳಿಯಲ್ಲ, ನೀವೂ ವಿವರಿಸಬೇಡಿ. ವಯಸ್ಸನ್ನೂ ನಿಗದಿ ಮಾಡಿಕೊಳ್ಳಿ. ಕರುವಾಗಿದ್ದಾಗಲೇ ಒಡೆಸಿದರೆ ಕಾಲು ಉದ್ದ, ಇಣಿ (ಹೆಗಲ ಮೇಲಿನ ಡುಬ್ಬ) ಚಿಕ್ಕದು. ತಡವಾಗಿ ಒಡೆಸಿದರೆ ಹೋರಿಯ ಕುತ್ತಿಗೆ, ಇಣಿ ಉಳಿಯುತ್ತೆ.

ಹಲ್ಲಿನ ಲೆಕ್ಕ ತಪ್ಪಿದೆ. ಮೂರು ವರ್ಷದ್ದನ್ನು ದಲ್ಲಾಳಿ 'ಬಾಯಿಗೂಡಿದೆ', ಅಂದರೆ ಹಾಲುಹಲ್ಲೆಲ್ಲ ಬಿದ್ದು ಹೊಸ ಹಲ್ಲು ಪೂರ್ತಿ ಬಂದಿದೆ ಅಂತ ಮಾರಿದರೆ ಸಂತೆಯಲ್ಲಿ ಯಾರೂ ನಂಬಲ್ಲ. ಎರಡು, ಎರಡೂವರೆ ವರ್ಷಕ್ಕೆ ಎರಡು ಹಲ್ಲು, ಬಾಯಿಗೂಡೋದು ಐದರ ಆಸುಪಾಸು. ಮುಂದೆ ಮೇಲ್ದವಡೆಯ 'ಮುಂಹಲ್ಲು ಮುರಿಯಿತು' ಅಂದಿದ್ದೀರಿ, ದನಕ್ಕೆ ಅಲ್ಲಿ ಮುಂಹಲ್ಲೇ ಇರಲ್ಲ. ವ್ಯಾಪಾರದ ದೃಶ್ಯದಲ್ಲಿ ಎತ್ತಿಗೆ ತನ್ನ ಬೆಲೆ ಗೊತ್ತಾಗೋದೂ ಬೇಡ. ಟವೆಲ್ ಕೆಳಗೆ ಬೆರಳು ಹಿಡಿದು ಕುದುರಿಸುವ ವ್ಯಾಪಾರ ಪಕ್ಕದಲ್ಲಿ ನಿಂತವರಿಗೇ ಕಾಣಲ್ಲ. ಎತ್ತಿಗೆ ಕಾಣೋದು ಅಲುಗಾಡುವ ಟವೆಲ್ ಮಾತ್ರ.

ಕೆಂಪು ಶಾಲು ಕಂಡು ಕೆರಳಿದ ಪ್ರಸಂಗವನ್ನೂ ತಿದ್ದಿ. ದನದ ಕಣ್ಣು ಕೆಂಪು, ಹಸಿರನ್ನು ನಮ್ಮ ಹಾಗೆ ಬೇರ್ಪಡಿಸಲ್ಲ, ಶಾಲು ಅಲ್ಲಾಡಿದ್ದಕ್ಕೆ ಬೆದರಿತು ಅನ್ನಿ. ಅದಕ್ಕೆ ಸುತ್ತಲೂ ಸುಮಾರು 330 ಡಿಗ್ರಿ ಕಾಣುತ್ತೆ, ನೇರ ಹಿಂದೆ ಮಾತ್ರ ಕುರುಡು. ಮುಂದಿನ ತಗ್ಗಿನ ಆಳ ತಿಳಿಯೋಕೆ ತಲೆ ತಗ್ಗಿಸಿ ನಿಂತು ನೋಡಬೇಕು. ಕಾಲುವೆ ದಾಟುವಾಗ ನಿಮ್ಮ ರೈತ 'ಮೊಂಡು' ಅಂತ ಬಾರುಕೋಲು ಎತ್ತೋದು ಇದಕ್ಕೇ. ಕೆರೆ ನೀರಲ್ಲಿ ಬಿಂಬ ನೋಡಿ ಕೊರಗುವ ಪುಟ ತೆಗೆದುಹಾಕಿ, ಆ ಕೆಲಸ ಮೂಗಿಗೆ ಕೊಡಿ.

ಟಿಪ್ಪುವಿನ ಎರಡು ಪುಟವೂ ಎತ್ತಿನ ಬಾಯಿಗೆ ಹೊಂದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ (ಅರಮನೆಯ ದನಗಳ ಇಲಾಖೆ), ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟದ್ದು, ಫಿರಂಗಿ ಎಳೆದ ಎತ್ತುಗಳು, 1799ರ ನಂತರ ಇಂಗ್ಲಿಷರ ಕೈ ಸೇರಿದ್ದು, ಇದೆಲ್ಲ ಕಥೆಗೆ ಚೆನ್ನಾಗಿ ಒಗ್ಗುತ್ತೆ, ಅಮೃತ ಮಹಲ್ ತಳಿಯ ಹಣೆಬರಹವೇ ಬದಲಾದ ಚರಿತ್ರೆ ತಾನೇ. ಆದರೆ ಅದನ್ನು ದಲ್ಲಾಳಿ ಬೆಲೆ ಏರಿಸೋಕೆ ಹೇಳಲಿ, ಅರ್ಧ ಉಪ್ಪುಖಾರ ಹಚ್ಚಿ. ಎತ್ತು ನೊಣ ಜಾಡಿಸುತ್ತಾ ನಿಂತಿರಲಿ.

ಗದ್ದೆಯ ಭಾಗಕ್ಕೆ: ಒಂದು ಕಾಲಿಗೆ ಎರಡು ಲಾಳದಂತೆ ಎಂಟು ಲಾಳ, ಅದು ರಸ್ತೆ ಗಾಡಿಗೆ, ಗದ್ದೆಗಲ್ಲ. ಕೆಸರಲ್ಲೇ ನಿಂತ ಗೊರಸು ಮೆತ್ತಗಾಗುತ್ತೆ, ಸಂದಿ ಹುಣ್ಣಾಗುತ್ತೆ. ಎಡಕ್ಕೆ ಕಟ್ಟಿ ಪಳಗಿದ್ದನ್ನು ಹೊಸ ಧಣಿ ಬಲಕ್ಕೆ ಕಟ್ಟಿದರೆ ಸಾಲು ಸೊಟ್ಟ, ಜೋಡಿ ಎತ್ತಿಗೂ ಕಿರಿಕಿರಿ. ಹೊಸ ಬದುಕಿಗೆ ಹಳೇ ಮೈ ಒಗ್ಗದಿರುವುದನ್ನು ಅಲ್ಲಿ ತೋರಿಸಬಹುದು.

ಕೊನೆಯ ಭಾಗದ ಬಗ್ಗೆ ಹುಷಾರು. ಚಿತ್ರದುರ್ಗ ಕಡೆಯ ದನಗಾಹಿ ಸಮುದಾಯವಾದ ಮ್ಯಾಸಬೇಡರ ದೇವರ ಎತ್ತುಗಳನ್ನು ಉಳುಮೆಗೆ, ಗಾಡಿಗೆ ಕಟ್ಟುವುದಿಲ್ಲ. ನಿಮ್ಮದು ಹೆಗಲು ಕಾಯಿಕಟ್ಟಿದ, ಬೀಜ ಒಡೆಸಿದ ಎತ್ತು. ಅಂಥದ್ದನ್ನು ಹಿಂಡಿಗೆ ಬಿಡುವ ದೃಶ್ಯ ಬರೆಯುವ ಮೊದಲು ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಟ್ಟಿಗೆ ಹೋಗಿ ದೇವರ ಎತ್ತು ಕಾಯುವ ಕಿಲಾರಿಗಳನ್ನೇ ಕೇಳಿ, ಅಲ್ಲಿನ ಪದ್ಧತಿ ತಿಳಿದವರು ಅವರು. ಅವರು ಒಪ್ಪದಿದ್ದರೆ ಎತ್ತು ಹಿಂಡಿನ ಅಂಚಲ್ಲೇ ಮೇಯಲಿ, ಕಥೆ ಕೆಡಲ್ಲ. ಈಗ ಮೂಗುದಾರದ ಅಧ್ಯಾಯ ಒಂದನ್ನೇ ತಿದ್ದಿ ಇಲ್ಲಿ ಹಾಕಿ, ಉಳಿದದ್ದು ಆಮೇಲೆ.